ಅರ್ಜಿ ತುಂಬದ ತಾಯಿಯ ಮಗು

ನಮಸ್ಕಾರ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಬಡ ಮಕ್ಕಳ ಹೆಸರಿನಲ್ಲಿ ಸಿಗುವ ಹೆಚ್ಚುವರಿ ಅನುದಾನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಮಾತನಾಡಿದ್ದೆ. ಅದನ್ನು ಕೇಳಿದವರೊಬ್ಬರು, "ಒಂದು ಅರ್ಜಿ ತುಂಬಲಾಗದ ತಂದೆತಾಯಿಗೆ ಸರ್ಕಾರ ಏಕೆ ಕೈತುತ್ತು ಹಾಕಬೇಕು?" ಎಂದು ಬರೆದಿದ್ದಾರೆ. ಎರಡು ದಿನಗಳಿಂದ ಈ ಸಾಲು ನನ್ನನ್ನು ಬಿಟ್ಟಿಲ್ಲ. ಇಂದಿನ ಸಂಚಿಕೆ ಪೂರ್ತಿ ಅವರಿಗೇ ಉತ್ತರ.

ಪ್ಯೂಪಿಲ್ ಪ್ರೀಮಿಯಂ ಎಂಬ ಈ ಅನುದಾನ 2011ರ ಏಪ್ರಿಲ್‌ನಲ್ಲಿ ಆರಂಭವಾಯಿತು. 2025–26ರ ದರದಂತೆ ಅರ್ಹ ಮಗುವೊಂದಕ್ಕೆ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 1,515 ಪೌಂಡ್, ಪ್ರೌಢಶಾಲೆಗೆ 1,075 ಪೌಂಡ್ ಸಿಗುತ್ತದೆ. ಚಿಕ್ಕವರಿಗೆ ಹೆಚ್ಚು ಕೊಟ್ಟಿರುವುದು ಸರಿಯಾಗಿಯೇ ಇದೆ, ಏಕೆಂದರೆ ಓದಲು ಕಲಿಯುವ ವಯಸ್ಸಿನಲ್ಲಿ ಹಿಂದೆ ಬಿದ್ದ ಮಗು ಮುಂದೆ ಪ್ರತಿಯೊಂದು ಪಾಠದಲ್ಲಿಯೂ ಹಿಂದೆ ಬೀಳುತ್ತದೆ. ಕಡಿಮೆ ಆದಾಯದ ಆಧಾರದ ಮೇಲೆ ಉಚಿತ ಊಟಕ್ಕೆ ಕಳೆದ ಆರು ವರ್ಷಗಳಲ್ಲಿ ಒಮ್ಮೆ ಹೆಸರು ದಾಖಲಾಗಿದ್ದರೂ ಆ ಮಗು ಲೆಕ್ಕಕ್ಕೆ ಬರುತ್ತದೆ. ಆ ಪ್ರಾಥಮಿಕ ಶಾಲೆಯ ದರದಲ್ಲಿ ಆರು ವರ್ಷಕ್ಕೆ 9,090 ಪೌಂಡ್. ಇಷ್ಟೆಲ್ಲವೂ ನಿಂತಿರುವುದು ಉಚಿತ ಊಟಕ್ಕಾಗಿ ಬಹುತೇಕ ಕಡೆ ತಂದೆಯೋ ತಾಯಿಯೋ ತುಂಬಬೇಕಾದ ಒಂದು ಅರ್ಜಿಯ ಮೇಲೆ.

ಆ ಅರ್ಜಿ ಏಕೆ ಬರುವುದಿಲ್ಲ ಎಂಬುದನ್ನು ಪತ್ರ ಬರೆದವರು ಯೋಚಿಸಿದಂತಿಲ್ಲ. 2014ರ ಸೆಪ್ಟೆಂಬರ್‌ನಿಂದ ಸರ್ಕಾರಿ ಅನುದಾನದ ಶಾಲೆಗಳಲ್ಲಿ ರಿಸೆಪ್ಷನ್ (ಒಂದನೆಯ ತರಗತಿಗಿಂತ ಹಿಂದಿನ ವರ್ಷ), ಒಂದನೆಯ ಮತ್ತು ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ, ಶ್ರೀಮಂತರ ಮಕ್ಕಳಿಗೂ ಸೇರಿದಂತೆ, ಮಧ್ಯಾಹ್ನದ ಊಟ ಉಚಿತ. ಅದು ಒಳ್ಳೆಯ ಯೋಜನೆಯೇ. ಆದರೆ ಮಗುವಿನ ತಟ್ಟೆಗೆ ಊಟ ಬಂದಾಗಿರುವಾಗ, ಊಟಕ್ಕಾಗಿ ಅರ್ಜಿ ಹಾಕಿ ಎಂದರೆ ಯಾವ ತಾಯಿಗೆ ಅದರ ಅಗತ್ಯ ಕಾಣುತ್ತದೆ? ಆ ಕಾಗದದ ಹಿಂದೆ ಓದು ಕಲಿಸುವ ಹೆಚ್ಚುವರಿ ಶಿಕ್ಷಕರಿದ್ದಾರೆ, ಸಣ್ಣ ಗುಂಪಿನ ಪಾಠವಿದೆ ಎಂಬುದು ರಾತ್ರಿ ಪಾಳಿ ಮುಗಿಸಿ ಬಂದು, ತನ್ನದಲ್ಲದ ಭಾಷೆಯಲ್ಲಿ ಅದನ್ನು ಓದುವವಳಿಗೆ ಹೇಗೆ ತಿಳಿಯಬೇಕು?

ಇನ್ನು ಕೇಳಿ. ಅರ್ಜಿ ಬಂದ ಮೇಲೆ ಅಧಿಕಾರಿಗಳು ಮಾಡುವುದೇನು? ಸರ್ಕಾರದ ಬಳಿ ಮೊದಲೇ ಇರುವ ಭತ್ಯೆ ಮತ್ತು ತೆರಿಗೆಯ ದಾಖಲೆಗಳೊಂದಿಗೆ ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾರೆ. ಎಂದರೆ ಉತ್ತರ ಸರ್ಕಾರದ ಕೈಯಲ್ಲಿಯೇ ಇದೆ, ಆದರೂ ತಾಯಿ ಬಂದು ಕೇಳಲಿ ಎಂದು ಕಾಯುತ್ತದೆ. ಇದನ್ನು ನಾನು ಹೊಣೆಗಾರಿಕೆಯ ಪಾಠ ಎಂದು ಒಪ್ಪಲಾರೆ. ಅರ್ಜಿಗೆ ಕಾಯದೆ ಆ ದಾಖಲೆಗಳಿಂದಲೇ ಮಕ್ಕಳ ಹೆಸರು ಸೇರಿಸಿ ಎಂದರೆ ಖಾಸಗಿತನದ ಮಾತೆತ್ತುವವರೂ ಇದ್ದಾರೆ. ಬೇಡ ಎನ್ನುವವರು ಹೊರಗುಳಿಯಲು ಅವಕಾಶ ಕೊಟ್ಟರೆ ಆ ಮಾತು ಅಲ್ಲಿಗೆ ಮುಗಿಯಿತು. ಶೆಫೀಲ್ಡ್ ಸೇರಿದಂತೆ ಕೆಲವು ಸ್ಥಳೀಯ ಆಡಳಿತಗಳು ಹೀಗೆಯೇ ತಾವಾಗಿ ಮಕ್ಕಳ ಹೆಸರು ಸೇರಿಸಿ ತೋರಿಸಿವೆ.

ಖರ್ಚು ಹೆಚ್ಚುತ್ತದೆ ಎಂಬ ವಾದ ನನಗೆ ಎಲ್ಲಕ್ಕಿಂತ ನೋವು ತರುತ್ತದೆ. ಅರ್ಹರೆಂದು ಕಾನೂನೇ ಒಪ್ಪಿದ ಮಕ್ಕಳ ಹಣವನ್ನು ಅವರ ತಂದೆತಾಯಿಯ ಮರೆವಿನಿಂದ ಉಳಿಸುವುದು ಉಳಿತಾಯವೇ? ಅರ್ಹತೆಯ ಮಿತಿಯಾದರೂ ಉದಾರವೇ? ಯೂನಿವರ್ಸಲ್ ಕ್ರೆಡಿಟ್, ಎಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಭತ್ಯೆ, ಪಡೆಯುವ ಕುಟುಂಬದ ದುಡಿಮೆಯ ಆದಾಯ, ತೆರಿಗೆ ಕಳೆದು, ವರ್ಷಕ್ಕೆ 7,400 ಪೌಂಡ್ ಮೀರಬಾರದು ಎಂಬ 2018ರ ಗೆರೆಯನ್ನು ಬೆಲೆಗಳು ಇಷ್ಟು ಏರಿದರೂ ಸರಿಸಿಲ್ಲ. 2026ರ ಸೆಪ್ಟೆಂಬರ್‌ನಿಂದ ಆ ಭತ್ಯೆ ಪಡೆಯುವ ಎಲ್ಲ ಕುಟುಂಬಗಳ ಮಕ್ಕಳಿಗೂ ಉಚಿತ ಊಟ ಎಂದು 2025ರ ಜೂನ್‌ನಲ್ಲಿ ಸರ್ಕಾರ ಘೋಷಿಸಿತು, ನನಗೆ ಸಂತೋಷವಾಯಿತು. ಆದರೆ ಪ್ಯೂಪಿಲ್ ಪ್ರೀಮಿಯಂಗೆ ಆ ಘೋಷಣೆಯಲ್ಲಿ ಹಳೆಯ ಗೆರೆಯನ್ನೇ ಉಳಿಸಿಕೊಂಡರು.

ಅರ್ಜಿಯನ್ನು ತೆಗೆದುಹಾಕಿ. ಈ ವಿಷಯವನ್ನು ಮುಂದಿನ ಸಂಚಿಕೆಗಳಲ್ಲಿಯೂ ಬಿಡುವುದಿಲ್ಲ, ಆದ್ದರಿಂದ ಚಾನೆಲ್‌ಗೆ ಚಂದಾದಾರರಾಗಿ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿರುವ ನಿಮ್ಮ ಪರಿಚಯದವರಿಗೆ ಇದನ್ನು ಕಳುಹಿಸಿ, ಊಟ ಸಿಗುತ್ತಿದ್ದರೂ ಶಾಲಾ ಕಚೇರಿಯಲ್ಲಿ ವಿಚಾರಿಸುವಂತೆ ಹೇಳಿ. ಪತ್ರ ಬರೆದವರೇ, ನೀವು ತಂದೆತಾಯಿಯ ಬಗ್ಗೆ ಅಷ್ಟೆಲ್ಲ ಬರೆದಿರಿ, ಐದು ವರ್ಷದ ಆ ಮಗುವಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ದಯವಿಟ್ಟು ಬರೆಯಿರಿ. ಪೂರ್ತಿಯಾಗಿ ಇಲ್ಲಿಯೇ ಓದುತ್ತೇನೆ.