ಮೊದಲು ಕೆಲಸ, ಆಮೇಲೆ ಪ್ರೀತಿ

ಕೇಳುಗರಿಗೆ ನಮಸ್ಕಾರ.

ಕಾದಂಬರಿ ಬರೆಯುವ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಎಲ್ಲ ಕಾದಂಬರಿಯ ಬಗ್ಗೆ ಅಲ್ಲ. ಒಂದು ಬಗೆಯದು. ಹೊರಗಿನಿಂದ ಒಬ್ಬ ಸಣ್ಣ ಊರಿಗೆ ಬರುತ್ತಾನೆ. ಯಾವುದನ್ನೂ ಸುಲಭಕ್ಕೆ ನಂಬದ ಆಸಾಮಿ. ಅಲ್ಲೇ ಹುಟ್ಟಿ ಬೆಳೆದವಳೊಬ್ಬಳು ಎದುರಾಗುತ್ತಾಳೆ. ಮೊದಲು ಜಗಳ, ಆಮೇಲೆ ಸಲುಗೆ, ಬಹಳ ತಡವಾಗಿ ಪ್ರೀತಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಇಂಥ ಕತೆಗಳನ್ನು ಸಾಕಷ್ಟು ಬರೆಯುತ್ತಾರೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೂ "ಮೇಡಂ, ಇದೊಂದು ಓದಿ ಹೇಳ್ರಿ" ಅಂತ ಬರುವವರು ನಿಂತಿಲ್ಲ.

ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಇಬ್ಬರಿಗೂ ಮೊದಲು ಒಂದು ಕೆಲಸ ಕೊಡಿ. ಪ್ರೀತಿ ಆಮೇಲೆ. ಪೆನ್ನು ಹಿಡಿದು ಕೂತವರು ಇಷ್ಟನ್ನೇ ಬರೆದುಕೊಂಡು ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ.

ನಂಬದವನು ಮಾತಿಗೆ ಬಗ್ಗುವುದಿಲ್ಲ. ಬಗ್ಗಿದರೆ ಅವನು ನಂಬದವನೇ ಅಲ್ಲ, ಸುಮ್ನೆ ಮುಖ ಗಂಟು ಹಾಕಿಕೊಂಡವನು ಅಷ್ಟೇ. ಅವಳು ಎರಡು ಪುಟ ತನ್ನ ಊರನ್ನು ಹೊಗಳುತ್ತಾಳೆ, ಮೂರನೇ ಪುಟದಲ್ಲಿ ಅವನ ಕಣ್ಣು ತುಂಬಿ ಬರುತ್ತದೆ. ಇದನ್ನು ಓದಿ ಓದಿ ನನಗೆ ಸಾಕಾಗಿದೆ. ಇನ್ನು ಆ ಮಂಜು, ಆ ಜಡಿಮಳೆ, ಆ ಕಾಫಿ ತೋಟದ ಗಾಳಿ! ಕತೆ ನಡೆಯುವುದು ಆಳಂದದಲ್ಲಿ. ಆಳಂದದಲ್ಲಿ ಕಾಫಿ ತೋಟ ಯಾರದು, ಹೇಳಿ ನೋಡೋಣ. ನಮ್ಮಲ್ಲಿ ಬಿಸಿಲಿದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ರಾತ್ರಿ ಮನೆ ಮಂದಿಯೆಲ್ಲ ಮಾಳಿಗೆ ಮೇಲೆ ಹಾಸಿಗೆ ಹಾಸುತ್ತಾರೆ. ಅದನ್ನು ಬರೆಯಿರಿ.

ಇಲ್ಲೊಂದು ಹಸ್ತಪ್ರತಿಯ ವಿಷಯ ಹೇಳಬೇಕು. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ, ಬೀದರ್ ಕಡೆಯವಳು. ಅವಳ ನಾಯಕ ಹೈದರಾಬಾದಿನಿಂದ ಬಂದ ರಸಾಯನಶಾಸ್ತ್ರದ ಹುಡುಗ. ನಾಯಕಿ ಬಿದ್ರಿ ಕೆಲಸದವರ ಮನೆಯವಳು. ಮೊದಲ ಪ್ರತಿಯಲ್ಲಿ ಇಬ್ಬರೂ ಪಾಪನಾಶ ಗುಡಿಯ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದರು, ಹಣ್ಣುಕಾಯಿ ಬುಟ್ಟಿ ಬಿತ್ತು, ಕಣ್ಣು ಕಣ್ಣು ಕೂಡಿತು. ನಾನು ಕೇಳಿದೆ, "ನಿನ್ನ ನಾಯಕಿಯ ಮನೆಯಲ್ಲಿ ಬಿದ್ರಿ ಕೆಲಸ ನಡೀತದಲ್ಲ, ಅದು ಈ ಕತೆಯಲ್ಲಿ ಎಲ್ಲಿದೆ?" ಹುಡುಗಿ ಸುಮ್ಮನಾದಳು. ಹಾಳೆ ಎತ್ತಿಕೊಂಡು ಹೋದಳು.

ಬಿದ್ರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಕಸುಬು ಅದು. ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಕರಗಿಸಿ ಮರಳಿನ ಅಚ್ಚಿಗೆ ಸುರಿಯುತ್ತಾರೆ. ಹೊರಬಂದ ಹೂಜಿಯನ್ನೋ ಹೂದಾನಿಯನ್ನೋ ಅರದಿಂದ ತಿಕ್ಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಹಚ್ಚಿದರೆ ಮೈ ಕಪ್ಪಾಗುತ್ತದೆ, ಗೀಚಿದ ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಮೇಲೆ ಉಳಿ ಹಿಡಿದು ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ತಿಕ್ಕಿದಾಗ ಆ ಮೊದಲ ಕಪ್ಪು ಹೋಗಿಬಿಡುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನುವ ಲವಣ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಈಗ ಬರುವ ಕಪ್ಪು ಹೋಗುವುದಿಲ್ಲ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಎಲ್ಲಿಯದಾದರೂ ಆಗುವುದಿಲ್ಲವಂತೆ. ಬಿಸಿಲು ಮಳೆ ತಾಗದ ಹಳೆಯ ಮೂಲೆಯದೇ ಬೇಕಂತೆ. ಅದನ್ನು ಆರಿಸುವುದು ಹೇಗೆ? ನಾಲಿಗೆಗೆ ಹಚ್ಚಿ ನೋಡುತ್ತಾರೆ!

ಕೆಲವು ತಿಂಗಳ ಮೇಲೆ ಆ ಹುಡುಗಿ ಎರಡನೇ ಪ್ರತಿ ತಂದಳು. ಈಗ ನಾಯಕ ಬಂದಿರುವುದೇ ಈ ಮಣ್ಣಿನ ಮಾತು ಬರೀ ಕಟ್ಟುಕತೆ ಅಂತ ತೋರಿಸಲು. ಗಿರಾಕಿಗಳಿಗೆ ಹೇಳುವ ಬಣ್ಣದ ಮಾತು, ನವಸಾಗರ ಇದ್ದರೆ ಯಾವ ಮಣ್ಣಾದರೂ ನಡೆಯುತ್ತದೆ ಅನ್ನುತ್ತಾನೆ. ಅಲ್ವಾ? ಇದು ನಿಜವಾದ ಅನುಮಾನ. ಓದುವ ನಮಗೂ ಬರುವಂಥದ್ದು. ನಾಯಕಿ ವಾದ ಮಾಡುವುದಿಲ್ಲ. ಅಚ್ಚಿನಿಂದ ಆಗಷ್ಟೇ ತೆಗೆದ ಒರಟು ಹೂದಾನಿ ಮತ್ತು ಒಂದು ಅರ ಅವನ ಮುಂದೆ ಇಟ್ಟು, "ಮೊದಲ ಇದನ್ನ ತಿಕ್ರಿ ಸರ್, ಆಮ್ಯಾಗ ಮಣ್ಣಿನ ಮಾತು" ಅನ್ನುತ್ತಾಳೆ.

ಅವನು ತಿಕ್ಕುತ್ತಾನೆ ನೋಡಿ, ಪುಟಗಟ್ಟಲೆ ತಿಕ್ಕುತ್ತಾನೆ! ಕೈಯಲ್ಲಿ ಬೊಬ್ಬೆ ಏಳುತ್ತದೆ. ಅವಳ ಅಪ್ಪ ಪಕ್ಕದಲ್ಲಿ ಕೂತು ಉಳಿ ಬಡಿಯುತ್ತ, "ತಮ್ಮಾ, ಆ ಕಡೆ ಇನ್ನಾ ಉಬ್ಬ್ಯಾದ ನೋಡು" ಅನ್ನುತ್ತಾನೆ. ಅಷ್ಟೇ ಮಾತು. ಹುಡುಗ ಊರೆಲ್ಲ ಸುತ್ತಿ ಬೇರೆ ಬೇರೆ ಮಣ್ಣು ಡಬ್ಬಿಯಲ್ಲಿ ತರುತ್ತಾನೆ, ಚೀಟಿ ಅಂಟಿಸಿ ಸಾಲಾಗಿ ಇಡುತ್ತಾನೆ. ಮುದುಕ ಒಂದೊಂದನ್ನೂ ನಾಲಿಗೆಗೆ ಹಚ್ಚಿ ಉಗುಳುತ್ತಾನೆ. ಚೀಟಿ ಓದಲಿಕ್ಕೂ ಹೋಗುವುದಿಲ್ಲ. ಹುಡುಗನಿಗೆ ಸಿಟ್ಟು. ಆ ಸಿಟ್ಟಿನಲ್ಲಿ ಅವನು ದಿನಾ ಬರುತ್ತಾನೆ. ದಿನಾ ಬಂದದ್ದಕ್ಕೆ ಅವಳ ಕೈ ನೋಡುತ್ತಾನೆ. ಕೂದಲೆಳೆಯಂಥ ಬೆಳ್ಳಿ ತಂತಿ ಆ ಕೈಯಲ್ಲಿ ನಡುಗದೆ ಇರುವುದನ್ನು ನೋಡುತ್ತಾನೆ. ಪ್ರೀತಿ ಅನ್ನುವ ಮಾತು ಇನ್ನೂ ಎಲ್ಲೂ ಬಂದಿಲ್ಲ. ಆದರೆ ಓದುತ್ತಿದ್ದ ನಾನು ಒಲೆ ಮೇಲಿನ ಬೇಳೆ ಹೊತ್ತಿಸಿದೆ.

ಅರ್ಧ ಕಾದಂಬರಿ ಕಳೆದ ಮೇಲೆ ಒಂದು ದಿನ ಅವಳು ಅವನನ್ನು ಕರೆದುಕೊಂಡು ಹೋಗಿ ತಮ್ಮ ಮನೆಯವರು ಮಣ್ಣು ತೆಗೆಯುವ ಜಾಗ ತೋರಿಸುತ್ತಾಳೆ. ಕೈ ಹಿಡಿಯುವುದಿಲ್ಲ. ಹಾಡು ಇಲ್ಲ. ಅವನು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ಮುಖ ಕಿವುಚುತ್ತಾನೆ. "ಇದರಾಗ ಉಪ್ಪಿನ ಅಂಶ ಜಾಸ್ತಿ ಅದ, ಅದಕ್ಕೇ ಕಪ್ಪಾಗ್ತದ, ಮತ್ತೇನಿಲ್ಲ" ಅನ್ನುತ್ತಾನೆ. ಅವಳು, "ನಮ್ಮಪ್ಪನೂ ಅದನ್ನೇ ನಾಲಿಗೀಲೆ ಹೇಳ್ತಾನ್ರಿ" ಅನ್ನುತ್ತಾಳೆ. ಪ್ರೀತಿಯ ದೃಶ್ಯ ಅಂದರೆ ಇದು. ಅವನು ಸೋಲಲೂ ಇಲ್ಲ, ಅವಳು ಗೆಲ್ಲಲೂ ಇಲ್ಲ. ದಯವಿಟ್ಟು ಗಮನಿಸಿ. ನಂಬದವನನ್ನು ಕೊನೆಯಲ್ಲಿ ಭಕ್ತನನ್ನಾಗಿ ಮಾಡಬೇಡಿ. ಅವಳಿಗೆ ಅವನು ಹಿಡಿಸಿದ್ದೇ ಅವನು ಕೇಳುತ್ತಲೇ ಇರುತ್ತಾನೆ ಅನ್ನುವ ಕಾರಣಕ್ಕೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಮ್ಮ ಊರುಗಳಲ್ಲಿ ಇಬ್ಬರೇ ಕೂತು ಮಾತಾಡಲು ಜಾಗವಿಲ್ಲ. ನಿಂತ ಕಡೆಯೆಲ್ಲ "ಯಾರ ಮಗಳವ್ವ ನೀ?" ಅನ್ನುವವರು ಇರುತ್ತಾರೆ. ಕತೆ ನಿಧಾನವಾಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಎಳ್ಳಮಾವಾಸ್ಯೆ ದಿನ ಹೊಲಕ್ಕೆ ಕರೆತನ್ನಿ ಅವನನ್ನು. ಚರಗ ಚೆಲ್ಲುವಾಗ, ಅಂದರೆ ಹೊಲಕ್ಕೆ ನೈವೇದ್ಯ ಚೆಲ್ಲುವಾಗ, ಮನೆ ಮಂದಿ, ನೆರೆಹೊರೆ ಎಲ್ಲ ಇರುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ ಬಡಿಸುವ ನೆಪದಲ್ಲಿ ಎಷ್ಟು ಮಾತು ಆಗಬಹುದೋ ಅಷ್ಟೇ ಆಗಲಿ. ಆದರೆ ಅಲ್ಲೂ ಕೈಗೆ ಕೆಲಸ ಇರಲಿ. ನೀರಿನ ಕೊಡ ಹೊರಲಿ, ಎಲೆ ಹಾಕಲಿ.

ಬಿದ್ರಿಯೇ ಆಗಬೇಕಂತಿಲ್ಲ. ತೊಗರಿ ಇದೆ. ಮುಂಗಾರಿಗೆ ಬಿತ್ತಿದ್ದು ರಾಶಿಯಾಗುವುದು ಚಳಿಗಾಲಕ್ಕೆ. ನಿಮ್ಮ ಕಾದಂಬರಿಗೆ ಬೇಕಾದ ತಿಂಗಳುಗಳನ್ನು ಬೆಳೆಯೇ ಕೊಡುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ನೆಲದ್ದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿತು. "ಎಲ್ಲಾ ಬೇಳೆನೂ ಒಂದೇ" ಅನ್ನುವ ವ್ಯಾಪಾರಿಯೊಬ್ಬ ಬರಲಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ನಾಲೆ ಇದೆ, ಕರೇಜ್ ಅನ್ನುತ್ತಾರೆ. ನೆಲದೊಳಗೆ ನೀರು ಹರಿಯುತ್ತದೆ ಅಂದರೆ ನಂಬದ ಎಂಜಿನಿಯರ್ ಬರಲಿ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅಯ್ಯೋ, ಅದೊಂದೇ ಇಡೀ ಕಾದಂಬರಿ! ಬರೆಯುವವರು ಬೇಕಷ್ಟೆ.

ಕೊನೆಗೆ ಮದುವೆ ಆಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಆಗಲಿ ಬಿಡಿ, ನನ್ನದೇನೂ ತಕರಾರಿಲ್ಲ. ಆದರೆ ಹಿಂದಿನ ವಾರ ಅವರಿಬ್ಬರೂ ಯಾವ ಕೆಲಸ ಅರ್ಧಕ್ಕೆ ಬಿಟ್ಟು ಮಂಟಪಕ್ಕೆ ಬಂದರು ಅನ್ನುವುದನ್ನು ಬರೆಯದೆ ನನ್ನ ಕೈಲಿ ಅಕ್ಷತೆ ಹಾಕಿಸಬೇಡಿ. ನಮಸ್ಕಾರ.