ಉಪ್ಪಿನ ಜೊತೆ ಒಳಬರುವ ಸಕ್ಕರೆ

ಇಷ್ಟು ಮಳೆಯಲ್ಲೂ ಮಾಟುಂಗದವರೆಗೆ ಬಂದಿದ್ದೀರಿ, ಎಲ್ಲರಿಗೂ ನಮಸ್ಕಾರ. ಮುಂಬೈಯ ಮಳೆಗಾಲ ಅಂದರೆ ವಾಂತಿಭೇದಿಯ ಕಾಲವೂ ಹೌದು. ಹಾಗಾಗಿ ಇವತ್ತು ಕರುಳಿನಿಂದಲೇ ಶುರು ಮಾಡುತ್ತೇನೆ.

ಜೀವಕೋಶದ ಸುತ್ತ ಕೊಬ್ಬಿನ ಎರಡು ಪದರದ ಪೊರೆಯಿದೆ. ದಪ್ಪ ಸುಮಾರು 5 ನ್ಯಾನೊಮೀಟರ್, ಅಷ್ಟೆ. ಆದರೂ ನೀರಿನಲ್ಲಿ ಕರಗುವ ಗ್ಲೂಕೋಸಿಗೆ ಆ ಕೊಬ್ಬಿನೊಳಗೆ ದಾರಿಯಿಲ್ಲ. ಅದನ್ನು ದಾಟಿಸುವುದಕ್ಕೆಂದೇ ಪೊರೆಯಲ್ಲಿ ಪ್ರೋಟೀನುಗಳು ನಾಟಿಕೊಂಡಿವೆ. ಸಣ್ಣಕರುಳಿನಲ್ಲಿರುವ ಒಂದರ ಹೆಸರು ಎಸ್‌ಜಿಎಲ್‌ಟಿ1.

ಅದು ಮೊದಲು ಕರುಳಿನ ಕಡೆಗೆ ಬಾಯಿ ತೆರೆದಿರುತ್ತದೆ. ಉಪ್ಪಿನಲ್ಲಿರುವ ಸೋಡಿಯಂನ ಎರಡು ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಬಂದು ಕೂರುತ್ತವೆ. ಅವು ಕೂತ ಮೇಲೆಯೇ ಗ್ಲೂಕೋಸಿಗೆ ಜಾಗ ಹದವಾಗುವುದು. ಗ್ಲೂಕೋಸ್ ಬಂತೋ, ಹೊರಬಾಯಿ ಮುಚ್ಚಿ ಒಳಬಾಯಿ ತೆರೆಯುತ್ತದೆ. ಕೋಶದ ಇನ್ನೊಂದು ಬದಿಯ ಪಂಪು ಸೋಡಿಯಂ ಅನ್ನು ಸದಾ ಹೊರಹಾಕುತ್ತಿರುವುದರಿಂದ ಅದಕ್ಕೆ ಒಳಗಿಳಿಯುವ ಸೆಳೆತ ಜಾಸ್ತಿ. ಆ ಸೆಳೆತದಲ್ಲೇ ಸಕ್ಕರೆಯೂ ಬರುತ್ತದೆ, ಹಿಂದೆಯೇ ನೀರು. ಈ ಜೋಡಿ ಸಾಗಣೆಯ ವಿಚಾರವನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. ಇದರದೇ ಕುಟುಂಬದ ಎಸ್‌ಜಿಎಲ್‌ಟಿ2 ಮೂತ್ರಪಿಂಡದಲ್ಲಿದೆ. ನಿಮ್ಮಲ್ಲಿ ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಅದು ತಡೆಯುವುದು ಅದನ್ನೇ.

ಕಾಲರಾದ ವಿಷ ಕರುಳಿನ ಕೋಶಗಳಿಂದ ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡನ್ನು ಹೊರಗೆ ಸುರಿಸುತ್ತದೆ, ನೀರೂ ಅದರ ಬೆನ್ನು ಹತ್ತುತ್ತದೆ. ಆದರೆ ಎಸ್‌ಜಿಎಲ್‌ಟಿ1ರ ಕೆಲಸ ಮಾತ್ರ ನಿಲ್ಲುವುದಿಲ್ಲ. ಜೀವರಸಾಯನದಲ್ಲಿ ಇದಕ್ಕಿಂತ ಸಮಾಧಾನದ ಸಂಗತಿ ನನಗೆ ಗೊತ್ತಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೇ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾಪುಡಿ ಕಲಸಿದ ನೀರನ್ನು ಕುಡಿಸಿದರು. ಕುಡಿಸಿದವರು ಬಹುಪಾಲು ರೋಗಿಗಳ ಮನೆಯವರೇ. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು.

ಘಾಟ್‌ಕೋಪರ್‌ನ ನಮ್ಮ ಚಾಳಿನಲ್ಲಿ ತಮ್ಮನಿಗೆ ಭೇದಿ ಹತ್ತಿದಾಗ ನನಗೆ ಒಂಬತ್ತು ವರ್ಷ. "ನೀರು ಕೊಡಬೇಡಿ, ಇನ್ನೂ ಜಾಸ್ತಿಯಾಗುತ್ತೆ" ಅಂದವರೇ ಎಲ್ಲ. ಅಮ್ಮ ಹೆದರಿ ನಿಲ್ಲಿಸಿದಳು. ಸಂಜೆಯ ಹೊತ್ತಿಗೆ ಅವನ ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಕೆಳಮಹಡಿಯ ನರ್ಸ್ ಬಾಯಿ ಬಂದು ಓಆರ್‌ಎಸ್ ಪೊಟ್ಟಣ, ಅಂದರೆ ಅದೇ ಉಪ್ಪು-ಗ್ಲೂಕೋಸಿನ ಪುಡಿ, ಕಲಸಿಕೊಟ್ಟರು. ಅಮ್ಮ ರಾತ್ರಿಯಿಡೀ ಚಮಚ ಹಿಡಿದು ಕೂತಿದ್ದಳು. ಬೆಳಗಿನ ಜಾವ ಅವನು ಉಚ್ಚೆ ಹೊಯ್ದಾಗ ಅವಳು ಅತ್ತದ್ದು ನೆನಪಿದೆ.

ದಯವಿಟ್ಟು ಇದಿಷ್ಟು ಮಾಡಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರಿಗೇ ಕಲಸಿ, ಚಿಟಿಕೆ ಚಿಟಿಕೆ ಲೋಟಕ್ಕೆ ಹಾಕಬೇಡಿ. ಪೊಟ್ಟಣ ಇಲ್ಲವೇ? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರುಚಿಗೆಂದು ಸಕ್ಕರೆ ಹೆಚ್ಚಿಸಿದರೆ ಅದು ನೀರನ್ನು ಮತ್ತೆ ಕರುಳಿಗೇ ಎಳೆಯುತ್ತದೆ. ಭೇದಿ ತಕ್ಷಣ ನಿಲ್ಲುವುದಿಲ್ಲ, ಹೆದರಬೇಡಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚ ಹಿಡಿಯಿರಿ.