ಚಿತ್ರದ ಬೆನ್ನು ನೋಡದೆ ಬೆಲೆ ಹೇಳಬೇಡಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯಲು ಇನ್ನು ಹೆಚ್ಚು ದಿನ ಇಲ್ಲ. ಕಾಗದದ ಮೇಲಿನ ಕಲಾಕೃತಿ ಹಾಳಾಗಲು ಮಂಗಳೂರಿನ ಒಂದೇ ಮಳೆಗಾಲ ಸಾಕು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಸಹಿ ಹುಡುಕುವ ಮುಂಚೆ ಫ್ರೇಮು ಬಿಚ್ಚಿಸಿ, ಕಾಗದದ ಬೆನ್ನು ನೋಡಿ. ಗಾಜಿನ ಮೇಲಿಂದ ನೋಡಿ ಬೆಲೆ ಕಟ್ಟಲು ಆಗುವುದಿಲ್ಲ.

ಸಹಿ ಅಂದ ಕೂಡಲೇ ನಮ್ಮಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಮಾತು ಬರುತ್ತದೆ. ಆ ಚಿತ್ರಗಳನ್ನು ಅಚ್ಚು ಹಾಕಿದ ರವಿವರ್ಮನ ಪ್ರೆಸ್ಸು 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. ಮುಂದೆ ಜರ್ಮನಿಯ ಫ್ರಿಟ್ಸ್ ಶ್ಲೈಷರ್ ಅದನ್ನು ಕೊಂಡರು. ಬಣ್ಣಕ್ಕೊಂದು ಅಚ್ಚಿನ ಕಲ್ಲು, ಒಂದರ ಮೇಲೊಂದು ಅಚ್ಚು, ಕೊನೆಗೆ ವಾರ್ನಿಷ್. ಕೊಂಡವರು ಕೆಲವಕ್ಕೆ ಜರಿ, ಮಣಿ ಹಚ್ಚಿ ದೇವಿಗೆ ಸೀರೆ ಉಡಿಸಿದ್ದೂ ಉಂಟು. ಎಷ್ಟು ಚಂದದ ಕೆಲಸ ಅದು! ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಇಂಥವನ್ನು ನೋಡಬಹುದು. ಆದರೆ ಅವುಗಳ ಸಹಿ ಚಿತ್ರದ ಜೊತೆಗೇ ಕಲ್ಲಿನಿಂದ ಇಳಿದದ್ದು. ಪ್ರತಿಗಳಿಗೆ ಮಿತಿಯೂ ಇರಲಿಲ್ಲ. ಅವುಗಳ ಬೆಲೆಯ ಲೆಕ್ಕವೇ ಬೇರೆ.

ಸೀಮಿತ ಪ್ರತಿಯ ಮುದ್ರಣದಲ್ಲಿ ಸಾಮಾನ್ಯವಾಗಿ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 12/75 ಎಂಬಂಥ ಸಂಖ್ಯೆ, ಬಲಕ್ಕೆ ಸಹಿ ಇರುತ್ತದೆ. ಒಟ್ಟು 75ರಲ್ಲಿ ಇದು 12ನೆಯದು. ಸಂಖ್ಯೆ ಚಿಕ್ಕದಾದರೆ ಬೆಲೆ ಜಾಸ್ತಿ ಎಂಬ ನಂಬಿಕೆ ಬಿಡಿ. ಸಂಖ್ಯೆ ಹಾಕಿದ್ದು ಅಚ್ಚಾದ ಕ್ರಮದಲ್ಲೇ ಎಂದು ಹೇಳಲಾಗದು. ಸಂಖ್ಯೆಯ ಜಾಗದಲ್ಲಿ 'ಎ.ಪಿ.' (ಆರ್ಟಿಸ್ಟ್ಸ್ ಪ್ರೂಫ್) ಇದ್ದರೆ ಅದು ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಟಾರ್ಚನ್ನು ಓರೆಯಾಗಿ ಹಿಡಿಯಿರಿ: ನಿಜವಾದ ಪೆನ್ಸಿಲ್ ಸಹಿ ಮಿನುಗುತ್ತದೆ, ಒತ್ತಿದ ಗೆರೆ ಕಾಣುತ್ತದೆ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ಚಿತ್ರ ನೋಡಿ. ಬಣ್ಣದ ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಕೂತಿದ್ದರೆ ಅದು ಯಂತ್ರದಲ್ಲಿ ಅಚ್ಚು ಹಾಕಿದ ಆಫ್‌ಸೆಟ್ ನಕಲು. ಕೆಳಗಿನ ಸಹಿ ಅಸಲಿಯೇ ಆದರೂ ಎಚ್ಚಿಂಗ್ (ಗೆರೆ ಕೊರೆದ ತಗಡಿನಿಂದ ಒತ್ತಿದ ಚಿತ್ರ), ಲಿಥೋ (ಕಲ್ಲಿನಿಂದ ಇಳಿಸಿದ ಚಿತ್ರ) ಇವುಗಳ ಬೆಲೆ ಅದಕ್ಕೆ ಬರುವುದಿಲ್ಲ. ಎಚ್ಚಿಂಗ್ ಆದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗಲ್ಲ, ಕಣ್ಣಿಗೆ ಸಿಗಬೇಕು. ದಯವಿಟ್ಟು ಮುಟ್ಟಬೇಡಿ.

ಮತ್ತೆ ಬೆನ್ನಿಗೆ ಬರೋಣ. ಕಂದು ಚುಕ್ಕೆ, ಸೆಲೋಟೇಪಿನ ಹಳದಿ ಕಲೆ, ಮೌಂಟಿನ, ಅಂದರೆ ಚಿತ್ರದ ಸುತ್ತ ಹಾಕುವ ದಪ್ಪ ಕಾಗದದ ಚೌಕಟ್ಟಿನ, ಅಂಚಿನ ಕಂದು ಗೆರೆ, ಎಲ್ಲವೂ ಬೆಲೆ ಇಳಿಸುತ್ತವೆ. ಎಲ್ಲಕ್ಕಿಂತ ದೊಡ್ಡ ನಷ್ಟ ಅಂಚು ಕತ್ತರಿಸುವುದು. ಫ್ರೇಮಿಗೆ ಹೊಂದಲಿ ಎಂದು ಕಾಗದ ಕತ್ತರಿಸಲು ಯಾರಿಗೂ ಬಿಡಬೇಡಿ. ಫ್ರೇಮನ್ನೇ ದೊಡ್ಡದು ಮಾಡಿಸಿ. ಆಮ್ಲರಹಿತ ಹತ್ತಿಕಾಗದದ ಮೌಂಟ್ ಹಾಕಿಸಿ, ಗಾಜು ಚಿತ್ರಕ್ಕೆ ತಾಗದಿರಲಿ. ಚಿತ್ರವನ್ನು ಹಿಡಿಸಲು ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ತುಂಡು, ಗೋಧಿ ಪಿಷ್ಟದ ಅಂಟು. ನಾಲ್ಕೂ ಕಡೆ ಅಂಟಿಸಿದರೆ ತೇವಕ್ಕೆ ಹಿಗ್ಗಲು ಜಾಗವಿಲ್ಲದೆ ಕಾಗದ ಅಲೆಅಲೆಯಾಗುತ್ತದೆ. ಹಿಂದೆ ಪ್ಲೈವುಡ್, ಹಾರ್ಡ್‌ಬೋರ್ಡ್ ಬೇಡ. ಅವುಗಳ ಆಮ್ಲ ಕಾಗದಕ್ಕೆ ಇಳಿಯುತ್ತದೆ.

ಚೀಟಿ ಬಂತು, ಸಮಯ ಮುಗಿಯುತ್ತಾ ಬಂದಿದೆ. ಬೇಗ ಹೇಳುತ್ತೇನೆ. ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ. ಫ್ರೇಮಿನ ಕೆಳಮೂಲೆಗಳಿಗೆ ರಬ್ಬರ್ ತುಂಡು ಅಂಟಿಸಿ, ಹಿಂದೆ ಗಾಳಿಯಾಡಲಿ. ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯಬಹುದು, ನಮ್ಮ ಜುಲೈ 85ನ್ನೂ ದಾಟುತ್ತದೆ. ಗಾಜು ಒರೆಸುವ ದ್ರಾವಣ ಬಟ್ಟೆಗೆ ಹಾಕಿ, ಗಾಜಿಗೆ ಅಲ್ಲ. ಲ್ಯಾಮಿನೇಷನ್ ಬೇಡವೇ ಬೇಡ. ವಿಮೆಯ ಮೌಲ್ಯ ಬೇರೆ, ಮಾರಿದರೆ ಸಿಗುವ ಹಣ ಬೇರೆ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಹಾಕಬೇಡಿ, ಬಿಸಿಲಿಗೂ ಇಡಬೇಡಿ. ಉಳಿದ ಚಿತ್ರಗಳಿಂದ ದೂರ, ಫ್ಯಾನಿರುವ ಒಣ ಕೋಣೆಯಲ್ಲಿಟ್ಟು, ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.